ಅರ್ಬುದರೋಗದ ವಂಶಶೋಧನೆಯೂ ನಮ್ಮ ಮನೆತನಗಳ ಮೌನವೂ

ನಮ್ಮ ಪತ್ರಿಕೆಯ ನಿಧನವಾರ್ತೆಗಳನ್ನು ನಿತ್ಯವೂ ಓದುವ ವಾಚಕರಿಗೆ ‘ಅಲ್ಪಕಾಲದ ಅಸೌಖ್ಯದಿಂದ’ ಎಂಬ ಮಾತು ಹೊಸದಲ್ಲ. ಹೃದಯಾಘಾತವಾದರೆ ಹೃದಯಾಘಾತವೆಂದೂ, ಅಪಘಾತವಾದರೆ ಅಪಘಾತವೆಂದೂ, ಮುಪ್ಪಿನಿಂದಾದರೆ ವಯೋಸಹಜವೆಂದೂ ಅಚ್ಚಾಗುತ್ತದೆ. ಒಂದು ರೋಗಕ್ಕೆ ಮಾತ್ರ ಹೆಸರಿಲ್ಲ. ಎರಡು ವರ್ಷ ನರಳಿ ತೀರಿಹೋದವರದೂ ‘ಅಲ್ಪಕಾಲ’ವೇ. ಈ ಮಾತನ್ನು ಬರೆದುಕೊಡುವವರು ಮನೆಯವರು, ಅಚ್ಚುಹಾಕುವವರು ನಾವು. ಇದರಲ್ಲಿ ನಮ್ಮ ಪಾಲೆಷ್ಟೆಂಬುದು ಅಂಬಲಪಾಡಿಯ ಒಂದು ಮನೆಯ ಸಂಗತಿಯಿಂದ ಇತ್ತೀಚೆಗೆ ನಮಗೆ ಮನವರಿಕೆಯಾಯಿತು. ಆದುದರಿಂದ ಆ ಸಂಗತಿಯನ್ನೇ ಮುಂದಿಟ್ಟುಕೊಂಡು, ಅರ್ಬುದರೋಗವು, ಎಂದರೆ ಕ್ಯಾನ್ಸರು, ವಂಶದಲ್ಲಿ ಹರಿದುಬರುವ ಬಗೆಯನ್ನು ವಿದ್ವಾಂಸರು ಶೋಧಿಸುವಲ್ಲಿ ಒದಗುವ ತೊಡಕುಗಳನ್ನು ಕುರಿತು ಬರೆಯಬೇಕೆಂದಿದ್ದೇವೆ.

ಆ ಮನೆ ನಮಗೆ ಬಹುಕಾಲದಿಂದ ಪರಿಚಿತವಾದುದು, ಅಳಿಯಸಂತಾನ ಕಟ್ಟಿನದು. ಮನೆಯ ಹಿರಿಯ ಮಗಳಿಗೆ ನಲವತ್ತು ತುಂಬುವ ಮೊದಲೇ ಸ್ತನದಲ್ಲಿ ಗಂಟು ಕಾಣಿಸಿತು. ಆಸ್ಪತ್ರೆಯಲ್ಲಿ ಡಾಕ್ಟರರು ವಾಡಿಕೆಯಂತೆ, ‘ನಿಮ್ಮ ಕುಟುಂಬದಲ್ಲಿ ಹಿಂದೆ ಯಾರಿಗಾದರೂ ಈ ಕಾಯಿಲೆ ಬಂದದ್ದುಂಟೇ ಅಮ್ಮಾ?’ ಎಂದು ಕೇಳಿದರು. ಸಂಗಡ ಹೋಗಿದ್ದ ತಾಯಿ ‘ಇಲ್ಲ ಸ್ವಾಮಿ’ ಎಂದರು. ಆಕೆ ಸುಳ್ಳು ಹೇಳಲಿಲ್ಲ. ಈ ನಾಡಿನಲ್ಲಿ ಕುಟುಂಬವೆಂದರೆ ತಾಯಿಯ ಕುಟುಂಬ. ಬಳಿ ಬರುವುದು ತಾಯಿಯಿಂದ. ಹರಕೆ ಸಲ್ಲುವುದು ತಾಯಿಯ ಮೂಲದ ಮನೆಗೆ. ಆ ಲೆಕ್ಕದಲ್ಲಿ ಮೂರು ತಲೆಮಾರು ಹುಡುಕಿದರೂ ಆ ರೋಗವಿರಲಿಲ್ಲ. ಆದರೆ ಹುಡುಗಿಯ ತಂದೆಗೆ ಇಬ್ಬರು ಅಕ್ಕಂದಿರಿದ್ದರು. ಒಬ್ಬರು ಮುಂಬಯಿಯಲ್ಲಿ ನಲವತ್ತೆರಡನೆಯ ವಯಸ್ಸಿಗೆ ‘ಹೊಟ್ಟೆಯಲ್ಲಿ ನೀರು ತುಂಬಿ’ ತೀರಿಹೋದರು. ಇನ್ನೊಬ್ಬರು ಊರಿನಲ್ಲೇ ಎದೆಯ ಗಂಟಿನಿಂದ. ಅವರಿಬ್ಬರೂ ತಂದೆಯ ಕುಟುಂಬದವರಾದುದರಿಂದ, ಮಕ್ಕಳ ಕುಟುಂಬದ ಲೆಕ್ಕಕ್ಕೆ ಸೇರಲಿಲ್ಲ. ತಂದೆಯವರು ತೀರಿಹೋಗಿ ವರ್ಷಗಳಾಗಿದ್ದುದರಿಂದ ನೆನಪು ಮಾಡಿಕೊಡುವವರೂ ಇರಲಿಲ್ಲ.

ಸುಮಾರು ಒಂದೂವರೆ ವರ್ಷದ ಮೇಲೆ, ಯಾರದೋ ಉತ್ತರಕ್ರಿಯೆಯ ದಿನ ಊಟಕ್ಕೆ ಕುಳಿತಾಗ, ಹಿರಿಯ ಹೆಂಗಸೊಬ್ಬರ ಬಾಯಿಂದ ಈ ವಿಷಯ ಹೊರಬಿದ್ದಿತು. ಆಗ ರಕ್ತಪರೀಕ್ಷೆಯಾಯಿತು, ಬಿ.ಆರ್.ಸಿ.ಎ. 1 ಎಂಬ ವಂಶವಾಹಿಯಲ್ಲಿ ದೋಷವಿದ್ದುದು ಸಿದ್ಧವಾಯಿತು. ಅಷ್ಟರಲ್ಲಿ ತಂಗಿಗೂ ಗಂಟು ಎದ್ದಿತ್ತು. ಊರಿನಲ್ಲಿ ತೀರಿಹೋದ ಸೋದರತ್ತೆಯ ನಿಧನವಾರ್ತೆಯನ್ನು ನಾವು ನಮ್ಮ ಕಚೇರಿಯ ಹಳೆಯ ಸಂಪುಟಗಳಲ್ಲಿ ಹುಡುಕಿ ತೆಗೆದೆವು. ‘ಅಲ್ಪಕಾಲದ ಅಸೌಖ್ಯದಿಂದ’ ಎಂದೇ ಇತ್ತು.

ಇದೇನು ವಿಚಿತ್ರ, ಹೆಂಗಸರ ರೋಗವು ಗಂಡಸಿನ ಮೂಲಕ ಬರುವುದುಂಟೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಬರುತ್ತದೆ. ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿ ಇರುತ್ತದೆ. ಒಂದು ತಾಯಿಯದು, ಇನ್ನೊಂದು ತಂದೆಯದು. ಬಿ.ಆರ್.ಸಿ.ಎ. 1 ಇರುವುದು ಹದಿನೇಳನೆಯ ವರ್ಣತಂತುವಿನಲ್ಲಿ. ಅದಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. ದೋಷವುಳ್ಳ ತಂದೆ ತಾನು ಆರೋಗ್ಯದಿಂದಲೇ ಎಂಬತ್ತು ವರ್ಷ ಬಾಳಿ, ಆ ದೋಷವನ್ನು ಮಗಳಿಗೆ ದಾಟಿಸಬಲ್ಲನು. ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೀಗೆ ರೋಗವು ಒಂದು ತಲೆಮಾರು ಗಂಡಸಿನಲ್ಲಿ ಅಡಗಿದ್ದು ಮುಂದಿನದರಲ್ಲಿ ತಲೆಯೆತ್ತುವುದರಿಂದ, ತಾಯಿಯ ಕಡೆಯನ್ನು ಮಾತ್ರ ಬಲ್ಲವರ ಕಣ್ಣಿಗೆ ಅದು ಆಕಾಶದಿಂದ ಬಿದ್ದಂತೆ ತೋರುತ್ತದೆ. ಮಕ್ಕಳ ಕಟ್ಟಿನ ಮನೆಗಳಲ್ಲಿ ಇದರ ವಿಪರ್ಯಾಸವುಂಟು. ಅಲ್ಲಿ ಗೋತ್ರಪ್ರವರಗಳು ತಂದೆಯ ಕಡೆಯವು. ತಾಯಿಯ ತಾಯಿಗೆ ಏನಾಗಿತ್ತೆಂದು ಕೇಳಿದರೆ ಉತ್ತರವಿಲ್ಲ. ಶ್ರಾದ್ಧದ ಸಂಕಲ್ಪದಲ್ಲಿ ಮಾತಾಮಹರ ಹೆಸರೂ ಬರುತ್ತದೆ, ನಿಜ. ಹೆಸರು ಉಳಿದಿದೆ, ರೋಗ ಉಳಿದಿಲ್ಲ.

ನಮ್ಮ ಸುಶ್ರುತಾಚಾರ್ಯನು ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುವಾಗ ಮೊದಲನೆಯದಾಗಿ ಹೇಳುವುದು ಆದಿಬಲಪ್ರವೃತ್ತವನ್ನು, ಎಂದರೆ ಶುಕ್ರಶೋಣಿತಗಳ ದೋಷದಿಂದ ಹುಟ್ಟಿದುವನ್ನು. ಅವುಗಳಲ್ಲಿಯೂ ಮಾತೃಜ, ಪಿತೃಜ ಎಂದು ಎರಡು. ತಾಯಿಯಿಂದ ಬಂದದ್ದನ್ನೂ ತಂದೆಯಿಂದ ಬಂದದ್ದನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂಬ ಆ ವಿವೇಕವು ಇಂದಿನ ನಮ್ಮ ಮನೆಗಳಲ್ಲಿಲ್ಲವೆಂಬುದು ನಾಚಿಕೆಯ ಸಂಗತಿ. ಆದರೆ ಇದನ್ನೇ ಎತ್ತಿಕೊಂಡು, ಪಾಶ್ಚಾತ್ಯರು ಈಗ ಕಂಡುಹಿಡಿದುದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಡಂಗುರ ಸಾರಲು ನಾವು ಸಿದ್ಧರಿಲ್ಲ. ಆ ವರ್ಗಕ್ಕೆ ಸುಶ್ರುತನು ಕೊಟ್ಟ ಉದಾಹರಣೆಗಳು ಕುಷ್ಠ ಮತ್ತು ಅರ್ಶಸ್ಸು; ಅರ್ಬುದವನ್ನು ಆತನು ಅಲ್ಲಿ ಹೇಳಲಿಲ್ಲ. ಕುಷ್ಠವಾದರೋ ವಂಶದ ರೋಗವೇ ಅಲ್ಲ. ನಾರ್ವೆಯ ಹಾನ್ಸೆನನು 1873ರಲ್ಲಿ ಅದರ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಅದಕ್ಕೆ ಮೊದಲು ಯುರೋಪಿನ ದೊಡ್ಡ ವೈದ್ಯರು ಕೂಡ ಅದನ್ನು ವಂಶಪಾರಂಪರ್ಯವೆಂದೇ ನಂಬಿದ್ದರು. ಏಕೆಂದರೆ ಅದು ಒಂದೇ ಮನೆಯಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುತ್ತಿತ್ತು.

ಶೋಧಕರ ಮುಖ್ಯವಾದ ತೊಡಕು ಇರುವುದು ಇಲ್ಲಿಯೇ. ಒಂದು ಮನೆಯಲ್ಲಿ ರೋಗ ಮರುಕಳಿಸಿದರೆ ಅದು ರಕ್ತದಿಂದ ಬಂದುದೋ ಮನೆಯಿಂದ ಬಂದುದೋ ಎಂದು ಹೇಳುವುದು ಸುಲಭವಲ್ಲ. ನಮ್ಮ ಕರಾವಳಿಯಲ್ಲಿ ಸೋದರಮಾವನಿಗೆ ಬಾಯಿಯ ಕ್ಯಾನ್ಸರು ಬಂದು, ಇಪ್ಪತ್ತು ವರ್ಷದ ಮೇಲೆ ಅಳಿಯನಿಗೂ ಬಂದಿತೆನ್ನೋಣ. ಮಾವನ ಆಸ್ತಿಯಂತೆ ಮಾವನ ವಂಶವಾಹಿಯ ಪಾಲೂ ಅಳಿಯನಿಗೆ ಬಂದಿರಬಹುದು. ಆದರೆ ಮಾವನ ಎಲೆಯಡಿಕೆಯ ತಟ್ಟೆಯೂ ಹೊಗೆಸೊಪ್ಪೂ ಕೂಡ ಬಂದಿವೆಯಷ್ಟೆ! ಹೊಗೆಸೊಪ್ಪಿನ ಮಾತಂತಿರಲಿ, ಬರಿಯ ಅಡಿಕೆಯೇ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ಅಡಿಕೆಯ ಬೆಳೆಗಾರರಾದ ನಮ್ಮ ವಾಚಕರಿಗೆ ಈ ವಾಕ್ಯ ರುಚಿಸಲಿಕ್ಕಿಲ್ಲ. ರುಚಿಸುವುದಿಲ್ಲವೆಂದು ಅಚ್ಚುಹಾಕದೆ ಬಿಡುವಂತಿಲ್ಲ. ಕ್ಯಾನ್ಸರುಗಳಲ್ಲಿ ಹುಟ್ಟಿನ ದೋಷದಿಂದ ಬರುವಂಥವು ನೂರಕ್ಕೆ ಐದರಿಂದ ಹತ್ತರಷ್ಟೆಂಬುದು ತಜ್ಞರ ಅಂದಾಜು. ಮಿಕ್ಕವು ಬದುಕಿನಲ್ಲಿ ಆದ ಹಾನಿಯಿಂದ ಬಂದವು. ಆ ಹತ್ತನ್ನು ತೊಂಬತ್ತರ ರಾಶಿಯಿಂದ ಆಯ್ದು ತೆಗೆಯುವುದಕ್ಕೆ ಮನೆಯವರ ನೆನಪೇ ಮೊದಲ ಉಪಕರಣ.

ಹೀಗೆ ನೆನಪಿನಿಂದ ಶಾಸ್ತ್ರ ಹುಟ್ಟಿದ ಪ್ರಸಿದ್ಧ ಪ್ರಕರಣವೊಂದನ್ನು ಇಲ್ಲಿ ಹೇಳಬೇಕು. ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಾರ್ಥಿನ್ ಎಂಬ ವೈದ್ಯನಿದ್ದನು. 1895ರಲ್ಲಿ ಅವನಿಗೆ ಪರಿಚಯದ ಹೊಲಿಗೆಯ ಹೆಂಗಸೊಬ್ಬಳು ಖಿನ್ನಳಾಗಿದ್ದುದನ್ನು ಕಂಡು ಕಾರಣ ಕೇಳಿದನು. ತನ್ನ ಮನೆತನದವರೆಲ್ಲ ಹೊಟ್ಟೆಯ, ಕರುಳಿನ ಅಥವಾ ಗರ್ಭಾಶಯದ ಕ್ಯಾನ್ಸರಿನಿಂದ ಸತ್ತಿದ್ದಾರೆಂದೂ, ತಾನೂ ಹಾಗೆಯೇ ಎಳೆಯ ವಯಸ್ಸಿಗೆ ಸಾಯುವೆನೆಂದೂ ಆಕೆ ಹೇಳಿದಳು. ಆದದ್ದೂ ಹಾಗೆಯೇ, ಗರ್ಭಾಶಯದ ಕ್ಯಾನ್ಸರು. ವಾರ್ಥಿನನು ಅದನ್ನು ಹೆಂಗಸಿನ ಭೀತಿಯೆಂದು ತಳ್ಳಿಹಾಕದೆ ಆ ಮನೆತನದ ವಂಶವೃಕ್ಷವನ್ನು ಬರೆದು 1913ರಲ್ಲಿ ಪ್ರಕಟಿಸಿದನು. ಅದು ದಶಕಗಳವರೆಗೆ ಯಾರ ಗಮನಕ್ಕೂ ಬೀಳಲಿಲ್ಲ. 1960ರ ದಶಕದಲ್ಲಿ ನೆಬ್ರಾಸ್ಕದ ಹೆನ್ರಿ ಲಿಂಚ್ ಎಂಬವರು ಇಂಥದೇ ಮನೆತನಗಳನ್ನು ಕಂಡು, ಹಳೆಯ ವಂಶವೃಕ್ಷವನ್ನು ಮುಂದುವರಿಸಿದರು. ಕೊನೆಗೆ ಆ ಮನೆತನದ ದೋಷವು ಎಂ.ಎಸ್.ಎಚ್. 2 ಎಂಬ ವಂಶವಾಹಿಯಲ್ಲಿ ಸಿಕ್ಕಿದ್ದು 2000ದಲ್ಲಿ. ಹೊಲಿಗೆಯವಳ ಮಾತಿಗೂ ಪ್ರಯೋಗಶಾಲೆಯ ಸಾಕ್ಷ್ಯಕ್ಕೂ ನಡುವೆ ಒಂದು ನೂರ ಐದು ವರ್ಷ. ಆಕೆ ಅಂದು ಬಾಯಿ ಮುಚ್ಚಿಕೊಂಡಿದ್ದರೆ ಆ ಮನೆತನದ ಕಥೆ ಎಲ್ಲಿಂದ ಆರಂಭವಾಗಬೇಕಿತ್ತು?

ಬಿ.ಆರ್.ಸಿ.ಎ. ಯ ಕಥೆಯೂ ಅಂಥದೇ. ಸ್ತನದ ಕ್ಯಾನ್ಸರು ವಂಶವಾಹಿಯಿಂದ ಬರಬಹುದೆಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪದಿದ್ದ ಕಾಲದಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬಾಕೆ ಮನೆತನಗಳ ಪಟ್ಟಿಗಳನ್ನು ಹಿಡಿದು ವರ್ಷಗಟ್ಟಲೆ ಕುಳಿತು, 1990ರಲ್ಲಿ ಅದರ ನೆಲೆ ಹದಿನೇಳನೆಯ ವರ್ಣತಂತುವೆಂದು ತೋರಿಸಿದರು. 1994ರಲ್ಲಿ ವಂಶವಾಹಿಯೇ ಕೈಗೆ ಸಿಕ್ಕಿತು. ಸಿಕ್ಕೊಡನೆ ಅದರ ಮೇಲೆ ಒಂದು ಕಂಪೆನಿಯು ಪೇಟೆಂಟು ಪಡೆದು, ಅಮೇರಿಕೆಯಲ್ಲಿ ಬೇರೆ ಯಾರೂ ಪರೀಕ್ಷೆ ಮಾಡದಂತೆ ಬೇಲಿ ಹಾಕಿತು. ನಿಸರ್ಗದಲ್ಲಿರುವ ವಂಶವಾಹಿಗೆ ಯಾರೂ ಒಡೆಯರಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2013ರಲ್ಲಿ.

ನಮ್ಮ ನಾಡಿನಲ್ಲಿ ಏನು ನಡೆದಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕಿದ್ವಾಯಿ ಸ್ಮಾರಕ ಸಂಸ್ಥೆಯವರೂ ಕೂಡಿ ನಡೆಸಿದ ಶೋಧನೆಯೊಂದು 2009ರಲ್ಲಿ ಪ್ರಕಟವಾಯಿತು. ಮನೆತನದಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರು ಇದ್ದ 61 ಮಂದಿ ದಕ್ಷಿಣ ಭಾರತದ ರೋಗಿಗಳನ್ನು ಅವರು ಪರೀಕ್ಷಿಸಿದರು. 17 ಮಂದಿಯಲ್ಲಿ ಬಿ.ಆರ್.ಸಿ.ಎ. 1 ಅಥವಾ 2ರಲ್ಲಿ ದೋಷ ದೊರಕಿತು. ಆ 17ರಲ್ಲಿ 10 ಮಂದಿಗೆ ಇದ್ದುದು ಒಂದೇ ದೋಷ: ಬಿ.ಆರ್.ಸಿ.ಎ. 1ರ 185ನೆಯ ಸ್ಥಾನದಲ್ಲಿ ಎರಡು ಅಕ್ಷರಗಳು ಬಿಟ್ಟುಹೋದುದು. ಆಶ್ಚರ್ಯವೇನೆಂದರೆ ಇದು ಪೂರ್ವ ಯುರೋಪಿನ ಯಹೂದ್ಯರಲ್ಲಿ ಬಹಳವಾಗಿ ಕಾಣುವ ದೋಷ. ಅದು ನಮ್ಮವರಲ್ಲಿ ಹೇಗೆ ಬಂದಿತು? ಹಳೆಯ ವ್ಯಾಪಾರದ ಹಾದಿಯಲ್ಲಿ ಬಂದಿತೇ, ಇಲ್ಲಿಯೇ ಬೇರೆಯಾಗಿ ಹುಟ್ಟಿತೇ? ಮದರಾಸಿನ ಕಡೆಯ ಒಂದು ಮನೆತನದಲ್ಲಿ ಅದು ಸ್ವತಂತ್ರವಾಗಿ ಹುಟ್ಟಿದುದೆಂದು 2007ರಲ್ಲಿ ಕೆಲವರು ಬರೆದರು. ಒಂದು ಮನೆತನದ ಉತ್ತರ ಎಲ್ಲ ಮನೆತನಗಳ ಉತ್ತರವಾಗದು.

ಈ ಅಂಕೆಗಳನ್ನು ಓದಿ ನಮ್ಮ ಹೆಂಗಸರಲ್ಲಿ ಆರರಲ್ಲೊಬ್ಬರಿಗೆ ಆ ದೋಷವಿದೆಯೆಂದು ಯಾರೂ ಗಾಬರಿಪಡಬೇಕಾಗಿಲ್ಲ. ಆ 61 ಮಂದಿ ಮೊದಲೇ ರೋಗಿಗಳು, ಅದರಲ್ಲಿಯೂ ರೋಗವಿದ್ದ ಮನೆತನದಿಂದ ಆಯ್ದುಕೊಂಡವರು. ನಾವು ವಾಚಕರ ಗಮನವನ್ನು ಸೆಳೆಯಬಯಸುವುದು ಉಳಿದ 44 ಮಂದಿಯ ಕಡೆಗೆ. ಅವರ ಮನೆತನದಲ್ಲಿಯೂ ರೋಗವಿತ್ತು; ಈ ಎರಡು ವಂಶವಾಹಿಗಳಲ್ಲಿ ದೋಷ ಕಾಣಲಿಲ್ಲ. ಅವರದು ಬೇರೆ ವಂಶವಾಹಿಯದೇ, ಅನೇಕ ಸಣ್ಣ ದೋಷಗಳ ಕೂಟವೇ, ಇಲ್ಲವೆ ಬರಿಯ ಆಕಸ್ಮಿಕವೇ?

ಅಚ್ಚುಕೂಟದವರಾದ ನಮಗೆ ಈ ವಿಷಯ ಅರ್ಥವಾದುದು ನಮ್ಮ ಕಸುಬಿನ ದೃಷ್ಟಾಂತದಿಂದ. ಮೊಳೆ ಜೋಡಿಸುವಾಗಲೇ ತಪ್ಪಿದರೆ ಆ ತಪ್ಪು ಪ್ರತಿಯೊಂದು ಪ್ರತಿಯಲ್ಲಿಯೂ ಬರುತ್ತದೆ. ಅಚ್ಚಾಗುವಾಗ ಮಸಿ ಹರಡಿದರೆ ಆ ಹಾಳೆ ಮಾತ್ರ ಕೆಡುತ್ತದೆ. ಹುಟ್ಟಿನಿಂದ ಬಂದ ದೋಷವು ಮೊದಲನೆಯದು. ದೇಹದ ಪ್ರತಿಯೊಂದು ಕಣದಲ್ಲಿಯೂ ಉಂಟು. ಗಂಟಿನಲ್ಲಿ ಮಾತ್ರ ಕಾಣುವ ದೋಷವು ಎರಡನೆಯದು, ಮಕ್ಕಳಿಗೆ ದಾಟದು. ಆದುದರಿಂದ ಗಂಟನ್ನೂ ರಕ್ತವನ್ನೂ ಎರಡನ್ನೂ ಓದಿ ಹೋಲಿಸಬೇಕು. ಮನುಷ್ಯನ ಡಿ.ಎನ್.ಎ.ಯಲ್ಲಿ ಅಕ್ಷರಗಳು ಮುನ್ನೂರು ಕೋಟಿ. ಅವನ್ನು ಓದುವ ಯಂತ್ರಗಳು ಈಗ ಬಂದಿವೆ, ವೆಚ್ಚವೂ ಇಳಿದಿದೆ. ಓದುವುದು ಸುಲಭವಾಯಿತು, ಅರ್ಥಮಾಡುವುದು ಕಷ್ಟವಾಗಿಯೇ ಉಳಿಯಿತು.

ಹಳೆಯ ಓಲೆಗ್ರಂಥಗಳನ್ನು ಶೋಧಿಸುವವರು ಬಲ್ಲರು: ಒಂದು ಪ್ರತಿಯಲ್ಲಿ ಶಬ್ದವು ಬೇರೆಯಾಗಿದ್ದರೆ ಅದು ಲಿಪಿಕಾರನ ತಪ್ಪೋ, ಒಂದು ಪ್ರದೇಶದ ಪಾಠಾಂತರವೋ ಎಂದು ಹೇಳಬೇಕಾದರೆ ಅದೇ ಪ್ರದೇಶದ ಹತ್ತಾರು ಪ್ರತಿಗಳನ್ನು ನೋಡಬೇಕು. ಕಾಶಿಯ ಪ್ರತಿಯೊಂದನ್ನೇ ಹಿಡಿದು ತುಳುನಾಡಿನ ಪ್ರತಿಯನ್ನು ತಿದ್ದಿದರೆ ಅನರ್ಥವಾಗುತ್ತದೆ. ವಂಶವಾಹಿಯ ವಿಷಯದಲ್ಲಿ ಇಂದು ಆಗುತ್ತಿರುವುದು ಅದೇ. ಹೋಲಿಸಿ ನೋಡುವ ಲೋಕದ ಸಂಗ್ರಹಗಳಲ್ಲಿ ಹೆಚ್ಚಿನವು ಯುರೋಪಿನ ಮೂಲದವರವು. ನಮ್ಮವರ ಅಕ್ಷರವೊಂದು ಅಲ್ಲಿ ಕಾಣದಿದ್ದರೆ ‘ಅರ್ಥ ಅನಿಶ್ಚಿತ’ ಎಂದು ವರದಿ ಬರುತ್ತದೆ. ಆ ಎರಡು ಶಬ್ದಗಳನ್ನು ಕೈಯಲ್ಲಿ ಹಿಡಿದ ಹೆಣ್ಣುಮಗಳು ಏನು ಮಾಡಬೇಕು? ಇಂಥ ಅನಿಶ್ಚಿತಗಳಲ್ಲಿ ಬಹುಪಾಲು ಮುಂದೆ ನಿರಪಾಯವೆಂದು ಗೊತ್ತಾಗುತ್ತವೆ. ಆದರೆ ಗೊತ್ತಾಗುವ ಮುನ್ನ ವರ್ಷಗಳು ಕಳೆಯುತ್ತವೆ. ಬಿ.ಆರ್.ಸಿ.ಎ. 1ರ ದೋಷವುಳ್ಳವರಿಗೆ ಎಂಬತ್ತು ವರ್ಷದೊಳಗೆ ಸ್ತನದ ಕ್ಯಾನ್ಸರು ಬರುವ ಸಂಭವ ನೂರಕ್ಕೆ 72, ಅಂಡಾಶಯದ್ದು 44 ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಗಣನೆಯೂ ಬಹುತರವಾಗಿ ಪಾಶ್ಚಾತ್ಯ ಮನೆತನಗಳದ್ದೇ. ಕಾಪುವಿನ ಅಥವಾ ಕಾರ್ಕಳದ ಹೆಂಗಸಿಗೆ ಅದೇ ಅಂಕೆ ಸಲ್ಲುವುದೋ ಎಂದು ಹೇಳಲು ಕಾಪುವಿನ, ಕಾರ್ಕಳದ ಮನೆತನಗಳೇ ಬೇಕಲ್ಲವೇ?

ಹತ್ತು ಸಾವಿರ ಭಾರತೀಯರ ಸಂಪೂರ್ಣ ಡಿ.ಎನ್.ಎ.ಯನ್ನು ಓದಿದ ಜೀನೋಮ್ ಇಂಡಿಯಾ ಎಂಬ ಯೋಜನೆಯ ಸಂಗ್ರಹವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು. ನಮ್ಮ ಪಾಠಾಂತರಗಳು ಯಾವುವೆಂದು ತಿಳಿಯಲು ಇದು ಸಹಾಯಕ. ವಿದೇಶೀ ಕೋಷ್ಟಕಗಳ ದಾಸ್ಯವು ಬಟ್ಟೆಯ ದಾಸ್ಯಕ್ಕಿಂತ ಕಡಿಮೆಯದಲ್ಲವೆಂದು ನಂಬಿದ ನಮಗೆ ಇದರಿಂದ ಸಂತೋಷವಾಗಿದೆ. ಆದರೆ ಪಾಠಾಂತರವು ರೋಗಕ್ಕೆ ಕಾರಣವೋ ಅಲ್ಲವೋ ಎಂಬುದನ್ನು ಆ ಸಂಗ್ರಹ ತಾನಾಗಿ ಹೇಳಲಾರದು. ಅದನ್ನು ಹೇಳಬಲ್ಲುದು ರೋಗವುಳ್ಳ ಮನೆತನದ ಚರಿತ್ರೆ ಮಾತ್ರ.

ಅಂಬಲಪಾಡಿಯಿಂದ ಕೆಲವೇ ಮೈಲಿ ದೂರದ ಮಣಿಪಾಲದಲ್ಲಿ, ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಇಂದು ಅಲ್ಲಿಯ ಜೀವವಿಜ್ಞಾನ ಶಾಲೆಯಲ್ಲಿ ಗರ್ಭಕಂಠದ ಮತ್ತು ಬಾಯಿಯ ಕ್ಯಾನ್ಸರುಗಳ ವಿಚಾರವಾಗಿ ಶೋಧನೆ ನಡೆಯುತ್ತಿದೆ. ಅಕ್ಷರಗಳು ಕೆಡದೆಯೇ ಅವುಗಳ ಮೇಲೆ ಬೀಳುವ ರಾಸಾಯನಿಕ ಗುರುತುಗಳಿಂದ ವಂಶವಾಹಿಯು ಮೂಕವಾಗುವ ಬಗೆಯನ್ನೂ ಅವರು ನೋಡುತ್ತಾರೆ. ಈ ಕೆಲಸದ ಕಷ್ಟವೇ ಬೇರೆ. ಗಂಟಿನೊಳಗೆ ಸಾವಿರಾರು ದೋಷಗಳಿರಬಹುದು. ಅವುಗಳಲ್ಲಿ ರೋಗವನ್ನು ನಡೆಸುವಂಥವು ಕೆಲವೇ. ರಥಬೀದಿಯಲ್ಲಿ ಉತ್ಸವದ ದಿನ ರಥದೊಡನೆ ಸಾವಿರ ಮಂದಿ ನಡೆಯುತ್ತಾರೆ, ಹಗ್ಗ ಹಿಡಿದವರು ಯಾರೆಂದು ದೂರದಿಂದ ತಿಳಿಯದು. ಸಾಲದುದಕ್ಕೆ ಒಂದೇ ಗಂಟಿನ ಈ ತುದಿಯ ದೋಷ ಆ ತುದಿಯಲ್ಲಿಲ್ಲ. ಸೂಜಿ ಚುಚ್ಚಿ ತೆಗೆದ ಚೂರು ಪೂರ್ತಿ ಗಂಟಿನ ಸಾಕ್ಷ್ಯವಾಗದು. ಹಳೆಯ ರೋಗಿಗಳ ಮಾಂಸದ ಚೂರುಗಳನ್ನು ಮೇಣದಲ್ಲಿ ಇಟ್ಟಿರುತ್ತಾರಾದರೂ, ಕೆಡದಂತೆ ಹಾಕಿದ ಫಾರ್ಮಲಿನ್ನೇ ಕಾಲಕ್ರಮದಲ್ಲಿ ಡಿ.ಎನ್.ಎ.ಯನ್ನು ತುಂಡರಿಸುತ್ತದೆ. ನಮ್ಮ ಕಡೆಯವರ ಕಾಗದಪತ್ರಗಳಂತೂ ಅರ್ಧ ಇಲ್ಲಿ, ಅರ್ಧ ಮುಂಬಯಿಯಲ್ಲಿ. ಹೋಟೆಲು ಹಿಡಿದು ಹೋದ ಮನೆತನಗಳ ಚಿಕಿತ್ಸೆಯೂ ಸಾವೂ ಅಲ್ಲಿಯೇ ಆಗಿ, ಊರಿಗೆ ಬಂದದ್ದು ಬೂದಿ ಮಾತ್ರ. ಉಳಿದ ಕಾಗದಗಳನ್ನು ನಮ್ಮ ಮಳೆಯೂ ಗೆದ್ದಲೂ ನೋಡಿಕೊಳ್ಳುತ್ತವೆ.

ಇವೆಲ್ಲ ವಿದ್ವಾಂಸರ ಕಷ್ಟಗಳು, ಅವರು ನಿವಾರಿಸಿಕೊಳ್ಳುತ್ತಾರೆ. ಮೌನದ ಕಷ್ಟವನ್ನು ಅವರು ನಿವಾರಿಸಲಾರರು. ಆದರೆ ಮೌನಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಹೆಣ್ಣು ನೋಡಲು ಬಂದವರು ಜಾತಕದೊಡನೆ ರೋಗವನ್ನೂ ಕೇಳತೊಡಗಿದರೆ ಮನೆಯ ಕಿರಿಯ ಹುಡುಗಿಯರ ಗತಿಯೇನು? ಕುಷ್ಠದ ಮನೆಯೆಂದು ಒಂದು ಕಾಲದಲ್ಲಿ ಬಾಗಿಲಿಗೆ ಬೆನ್ನು ಹಾಕಿದ ಜನರೇ ನಾವು. ಹಾನ್ಸೆನನ ತರುವಾಯವೂ ಹಾಕಿದೆವು. ಅಂಬಲಪಾಡಿಯ ಆ ತಾಯಿಗೆ ಈಗ ವಿಷಯ ತಿಳಿದ ಮೇಲೆ ಮುಂಬಯಿಯಲ್ಲಿರುವ ಸೋದರತ್ತೆಯ ಹೆಣ್ಣುಮಕ್ಕಳಿಗೆ ತಿಳಿಸಬೇಕಾಗಿದೆ. ಅವರಲ್ಲಿ ಒಬ್ಬಳಿಗೆ ಮದುವೆ ನಿಶ್ಚಯವಾಗಿದೆ. ‘ಲಗ್ನ ಕಳೆಯಲಿ, ಆಮೇಲೆ ಹೇಳುತ್ತೇನೆ ಅಣ್ಣಾ’ ಎಂದು ಆಕೆ ನಮ್ಮೊಡನೆ ಹೇಳಿದಾಗ ತಟ್ಟನೆ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ.

ಇಲ್ಲಿ ಸರಕಾರದವರ ಕರ್ತವ್ಯವೂ ಇದೆ. ವಂಶವಾಹಿಯ ಪರೀಕ್ಷೆಯ ಫಲವನ್ನು ನೋಡಿ ಆರೋಗ್ಯವಿಮೆಯನ್ನಾಗಲಿ ಕೆಲಸವನ್ನಾಗಲಿ ನಿರಾಕರಿಸಬಾರದೆಂದು ಅಮೇರಿಕೆಯಲ್ಲಿ 2008ರಲ್ಲಿ ಕಾಯಿದೆಯಾಯಿತು. ಅದರಲ್ಲಿಯೂ ಜೀವವಿಮೆಯನ್ನು ಹೊರಗಿಟ್ಟುದು ಒಂದು ಕೊರತೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆಯೇ ಇಲ್ಲ. ಗುಟ್ಟು ಬಿಟ್ಟವನಿಗೆ ರಕ್ಷಣೆಯಿಲ್ಲದ ದೇಶದಲ್ಲಿ ಗುಟ್ಟು ಬಿಡೆಂದು ಉಪದೇಶಿಸುವುದು ಸುಲಭ. ನಮ್ಮ ಶಾಸನಸಭೆಯ ಸದಸ್ಯರೂ ಪಾರ್ಲಿಮೆಂಟಿನ ಸದಸ್ಯರೂ ಈ ಮಾತನ್ನು ಎತ್ತಬೇಕು. ಅದಕ್ಕೆ ಮುಂಚೆ ಕಾಸು ಖರ್ಚಿಲ್ಲದೆ ಆಗಬಹುದಾದ ಒಂದು ಕೆಲಸವುಂಟು. ಆಸ್ಪತ್ರೆಯ ಫಾರಮಿನಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ’ ಎಂಬ ಒಂದು ಸಾಲಿಗೆ ಬದಲಾಗಿ, ‘ತಾಯಿಯ ತಾಯಿ, ತಾಯಿಯ ಸೋದರಿಯರು, ತಂದೆಯ ತಾಯಿ, ತಂದೆಯ ಸೋದರಿಯರು, ಸೋದರಮಾವಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು’ ಎಂದು ಒಬ್ಬೊಬ್ಬರನ್ನೇ ಕೇಳುವುದು. ಈ ಜಿಲ್ಲೆಯಲ್ಲಿ ಕುಟುಂಬವೆಂಬ ಶಬ್ದಕ್ಕೆ ಇರುವ ಅರ್ಥವು ಹೊರಗಿನಿಂದ ಬಂದ ಡಾಕ್ಟರರಿಗೆ ತಿಳಿಯದಿರುವುದು ಅವರ ತಪ್ಪಲ್ಲ. ತಿಳಿಸಿಕೊಡಬೇಕಾದವರು ನಾವು.

ನಮ್ಮ ಪಾಲಿನದನ್ನು ಹೇಳಿ ಮುಗಿಸುತ್ತೇವೆ. ಬರುವ ಸೋಮವಾರದಿಂದ ನಮ್ಮ ಕಚೇರಿಗೆ ನಿಧನವಾರ್ತೆಯನ್ನು ತಂದುಕೊಡುವವರನ್ನು ನಮ್ಮ ಗುಮಾಸ್ತರು ರೋಗದ ಹೆಸರನ್ನು ಹಾಕಬಹುದೇ ಎಂದು ಕೇಳುವರು. ಬೇಡವೆಂದರೆ ಹಾಕುವುದಿಲ್ಲ, ಆದರೆ ‘ಅಲ್ಪಕಾಲದ ಅಸೌಖ್ಯ’ ಎಂಬ ಮಾತನ್ನೂ ಇನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಬರಿದೆ ‘ನಿಧನರಾದರು’ ಎಂದಿರುವುದು. ಹಾಕಬಹುದೆಂದವರ ವಾರ್ತೆಯಲ್ಲಿ ಆ ಒಂದು ಸಾಲಿಗೆ ದರವಿಲ್ಲ.